ನೋಡಿದವರು ಯಾರೆಂದು ನೋಡಿಸಿಕೊಂಡವರಿಗೂ ತಿಳಿಯಲಿ

ಸ್ವೀಡನ್ನಿನ ಶೋವ್ಡೆಯಲ್ಲಿ ವೋಲ್ವೊ ಲಾರಿಗಳ ಎಂಜಿನ್‌ಗಳು ತಯಾರಾಗುತ್ತವೆ. ಇತ್ತ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲೂ ಆ ಕಂಪನಿಯ ಕಾರ್ಖಾನೆ ಇದೆ. ನಮ್ಮ ಕಡೆಯ ಎಂಜಿನಿಯರೊಬ್ಬರು ಸಂಸಾರ ಸಮೇತ ಶೋವ್ಡೆಗೆ ಹೋದರು ಎಂದಿಟ್ಟುಕೊಳ್ಳಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇರುವವರು ತೆರಿಗೆ ಇಲಾಖೆಯ ಜನನೋಂದಣಿಗೆ ಸೇರಲೇಬೇಕು. ಸೇರಿದ ಸ್ವಲ್ಪ ದಿನಗಳಲ್ಲೇ ಅವರ ಹೆಸರು, ವಯಸ್ಸು, ಮನೆ ವಿಳಾಸ ಹಿಟ್ಟಾ, ಎನಿರೊ, ರಾಟ್‌ಸಿಟ್‌ನಂಥ ಜಾಲತಾಣಗಳಲ್ಲಿ ಯಾರ ಕಣ್ಣಿಗೂ ಬೀಳುವಂತೆ ಇರುತ್ತವೆ. ಫೋನ್ ನಂಬರ್ ಸಿಕ್ಕರೆ ಹೆಸರು ಸಿಗುತ್ತದೆ, ಹೆಸರಿನಿಂದ ಮನೆ ಸಿಗುತ್ತದೆ, ಮನೆಯಿಂದ ಅಲ್ಲಿ ಇನ್ನಾರಿದ್ದಾರೆ ಎಂಬುದೂ ಸಿಗುತ್ತದೆ.

ವಿಳಾಸದಲ್ಲಿ 1102 ಎಂಬ ಫ್ಲ್ಯಾಟ್ ಸಂಖ್ಯೆ ಇದ್ದರೆ ಅದನ್ನು ಓದುವ ಕ್ರಮ ಸ್ವೀಡನ್ನಿಗೆಲ್ಲ ಒಂದೇ. 10 ಎಂದರೆ ಬಾಗಿಲಿನ ಮಟ್ಟದ ಅಂತಸ್ತು, 11 ಎಂದರೆ ಒಂದು ಮೆಟ್ಟಿಲ ಸಾಲು ಮೇಲೆ. ಕೊನೆಯ ಎರಡಂಕಿ ಎಡದಿಂದ ಎಣಿಸಿದಾಗ ಎಷ್ಟನೆಯ ಬಾಗಿಲು ಎಂಬುದು. ತಪಾಲಿನವರಿಗೆ, ಆಂಬುಲೆನ್ಸಿನವರಿಗೆ ಇದು ದೊಡ್ಡ ಅನುಕೂಲ. ಬಿಟ್ಟುಬಂದ ಗಂಡನ ಕಣ್ಣು ತಪ್ಪಿಸಿ ಬದುಕುವ ಹೆಣ್ಣುಮಗಳಿಗೆ ಇದೇ ಸಂಖ್ಯೆ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥವರ ವಿಳಾಸವನ್ನು ಮುಚ್ಚಿಡುವ ಏರ್ಪಾಡು ಅಲ್ಲಿದೆ. ಅವರ ಪತ್ರಗಳು ತೆರಿಗೆ ಇಲಾಖೆಯ ಮೂಲಕ ಬಳಸಿಕೊಂಡು ಬರುತ್ತವೆ, ಬೆದರಿಕೆ ತೀವ್ರವಾಗಿದ್ದರೆ ಹೊಸ ಹೆಸರನ್ನೇ ಕೊಡುತ್ತಾರೆ. ಆದರೆ ಆ ರಕ್ಷಣೆ ಪಡೆಯಲು ಬೆದರಿಕೆ ಇದೆ ಎಂದು ಮೊದಲು ಸಾಬೀತುಪಡಿಸಬೇಕು.

ಈ ಮುಕ್ತತೆಗೆ ಗೌರವದ ಚರಿತ್ರೆಯೇ ಇದೆ. 1766ರಲ್ಲಿ ಪಾದ್ರಿ ಆಂಡರ್ಸ್ ಷಿಡೇನಿಯಸ್ ಮುಂತಾದವರ ಹಟದಿಂದ ಬಂದ ಪತ್ರಿಕಾ ಸ್ವಾತಂತ್ರ್ಯ ಕಾಯ್ದೆ ಸರ್ಕಾರಿ ಕಡತವನ್ನು ಪ್ರಜೆಯ ಮುಂದೆ ತೆರೆದಿಟ್ಟಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಅಧಿಕಾರಿ ಏನು ಬರೆದ, ಖಜಾನೆ ಹಣ ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ಅದು. ಎರಡೂವರೆ ಶತಮಾನ ಕಳೆಯುವಷ್ಟರಲ್ಲಿ ಅದೇ ಹಕ್ಕು ನೆರೆಮನೆಯವರ ವಯಸ್ಸು, ಸಂಬಳ ಮಾರುವ ವ್ಯಾಪಾರಕ್ಕೆ ಆಸರೆಯಾಯಿತು. ಸಣ್ಣ ಶುಲ್ಕ ಕಟ್ಟಿ ಪ್ರಕಟಣಾ ಪ್ರಮಾಣಪತ್ರ ಪಡೆದ ಜಾಲತಾಣಕ್ಕೆ ಪತ್ರಿಕೆಗಿರುವ ಸಾಂವಿಧಾನಿಕ ರಕ್ಷಣೆಯೇ ದೊರೆಯುತ್ತದೆ. ಹಾಗಾಗಿ 2018ರಲ್ಲಿ ಜಾರಿಗೆ ಬಂದ ಐರೋಪ್ಯ ದತ್ತಾಂಶ ಸಂರಕ್ಷಣಾ ನಿಯಮ ಇವುಗಳನ್ನು ಹೆಚ್ಚೇನೂ ಮುಟ್ಟಲಿಲ್ಲ. 2014ರ ಜನವರಿಯಲ್ಲಿ ಲೆಕ್ಸ್‌ಬೇಸ್ ಎಂಬ ತಾಣ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದವರ ಮನೆಗಳನ್ನು ನಕ್ಷೆಯ ಮೇಲೆ ಚುಕ್ಕೆ ಇಟ್ಟು ತೋರಿಸಿದಾಗ ದೇಶವೇ ಬೆಚ್ಚಿತು. ಕಾನೂನು ಅದನ್ನು ತಡೆಯಲಾರದೆ ಹೋಯಿತು. ಕೋರ್ಟಿನ ತೀರ್ಪುಗಳನ್ನು ರಾಶಿಗಟ್ಟಲೆ ಕೊಡುವುದಕ್ಕೆ ಮಿತಿ ಹಾಕಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಫೆಬ್ರುವರಿಯಲ್ಲಿ.

ಇಷ್ಟೆಲ್ಲದರ ನಡುವೆ ಸ್ವೀಡನ್ ಒಂದು ಒಳ್ಳೆಯ ಕೆಲಸ ಮಾಡಿದೆ, ನಾವು ಕಲಿಯಬೇಕಾದದ್ದು ಅದನ್ನೇ. ಯಾರಾದರೂ ಸಾಲ ಮಾಹಿತಿ ಸಂಸ್ಥೆಯಿಂದ ನಿಮ್ಮ ಸಾಲ, ಆದಾಯದ ವಿವರ ತರಿಸಿಕೊಂಡರೆ ಕೇಳಿದವರು ಯಾರು, ಏನು ತಿಳಿದುಕೊಂಡರು ಎಂಬ ಪತ್ರದ ಪ್ರತಿ ನಿಮಗೆ ಬರುತ್ತದೆ. ಇದರ ಬೇರು 1973ರ ಸಾಲ ಮಾಹಿತಿ ಕಾಯ್ದೆಯಲ್ಲಿದೆ. ಜಾಲತಾಣಗಳು ಇದರಿಂದ ನುಣುಚಿಕೊಂಡು ಯಾರ ಸಂಬಳವನ್ನಾದರೂ ಗುಟ್ಟಾಗಿ ನೋಡಲು ಬಿಟ್ಟಾಗ ಗದ್ದಲವೆದ್ದು, 2007ರಲ್ಲಿ ಅವೂ ಮಣಿಯಬೇಕಾಯಿತು. ನೋಡಿದವರ ಹೆಸರು ನೋಡಿಸಿಕೊಂಡವರಿಗೆ ಹೋಗುತ್ತದೆ ಎಂದಾದ ಕೂಡಲೇ ಕುತೂಹಲಕ್ಕೆ ಇಣುಕುವವರ ಸಂಖ್ಯೆ ಇಳಿದುಹೋಯಿತು. ಮಾಹಿತಿಯನ್ನು ಮುಚ್ಚಲಿಲ್ಲ, ಇಣುಕುವ ಕತ್ತಲೆಯನ್ನು ಮಾತ್ರ ತೆಗೆದರು. ವಿಳಾಸ ಮತ್ತು ಫೋನಿನ ಹುಡುಕಾಟಕ್ಕೆ ಈ ಪತ್ರದ ನಿಯಮ ಇನ್ನೂ ಇಲ್ಲ. ಒಂಟಿ ವೃದ್ಧರನ್ನು ವಯಸ್ಸು ನೋಡಿ ಆರಿಸಿ, ಬ್ಯಾಂಕಿನವರೆಂದು ಕರೆ ಮಾಡಿ ದೋಚುವವರಿಗೆ ಒದಗುತ್ತಿರುವುದು ಈ ಸಂದಿಯೇ.

ಇನ್ನು ನಮ್ಮಲ್ಲಿ. ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ ಆ್ಯಪ್ ಹುಟ್ಟಿದ್ದು 2009ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಅದರ ಬಳಕೆದಾರರು ಅತಿ ಹೆಚ್ಚು ಇರುವುದು ಭಾರತದಲ್ಲಿ. ಶೋವ್ಡೆಯಲ್ಲಿ ಹೆಸರು ಬರುವುದು ಸರ್ಕಾರದ ನೋಂದಣಿಯಿಂದ. ನಮ್ಮಲ್ಲಿ ಎಷ್ಟೋ ಸಲ ಬರುವುದು ಬೇರೆಯವರು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡ ಹೆಸರು. ಆ್ಯಪನ್ನೇ ಹಾಕಿಕೊಳ್ಳದ ಹೆಣ್ಣುಮಗಳ ಹೆಸರೂ ಗುರುತಿಲ್ಲದ ಗಂಡಸಿನ ಪರದೆಯ ಮೇಲೆ ಮೂಡುತ್ತದೆ. ಅಪರಿಚಿತ ಕರೆ, ಸಾಲ ವಸೂಲಿಯವರ ಕಾಟದಿಂದ ಈ ಆ್ಯಪ್ ಎಷ್ಟೋ ಜನರನ್ನು ಕಾಪಾಡಿದೆ ಎಂಬುದು ನಿಜ. ಆದರೆ ನಿಮ್ಮ ಪ್ರೊಫೈಲ್ ನೋಡಿದವರು ಯಾರು ಎಂದು ತಿಳಿಯಬೇಕಾದರೆ ಹಣ ಕಟ್ಟಬೇಕು. ಗುರುತು ತೋರದೆ ನೋಡುವ ಸೌಲಭ್ಯಕ್ಕೂ ಹಣ ಕಟ್ಟಬೇಕು. ಸ್ವೀಡನ್ನಿನಲ್ಲಿ ಸಂಬಳದ ವಿಷಯದಲ್ಲಿ ಪುಕ್ಕಟೆ ಹಕ್ಕಾಗಿರುವುದು ಇಲ್ಲಿ ಮಾರಾಟದ ಸರಕು. ಇದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ.

ಸರ್ಕಾರಿ ದಾಖಲೆಯ ಕಡೆಗೂ ನೋಡೋಣ. ಕರ್ನಾಟಕದ ಭೂಮಿ ಯೋಜನೆ ಜಮೀನಿನ ದಾಖಲೆಯಾದ ಪಹಣಿಯನ್ನು ಗ್ರಾಮಲೆಕ್ಕಿಗರ ಮುಷ್ಟಿಯಿಂದ ಬಿಡಿಸಿತು, ರೈತರಿಗೆ ಅದರಿಂದಾದ ಉಪಕಾರ ಸಣ್ಣದಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಕೊಟ್ಟರೆ ಮಾಲೀಕರ ಹೆಸರು, ಎಕರೆ ಗುಂಟೆ, ಋಣದ ಕಾಲಂನಲ್ಲಿ ಬ್ಯಾಂಕಿನ ಸಾಲ ಎಲ್ಲವೂ ಕಾಣುತ್ತದೆ. ಭೂಮಿ ದಲ್ಲಾಳಿಗೂ ಕಾಣುತ್ತದೆ. ಸಾಲದಲ್ಲಿ ಮುಳುಗಿದ ರೈತ ಯಾರೆಂದು ಪಟ್ಟಿ ಮಾಡಲು ಊರಿಗೆ ಬರುವ ಅಗತ್ಯವೇ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎರಡು ಕಡೆ ಎಡವಿದೆ. ಕಾನೂನಿನ ಪ್ರಕಾರ ಸಾರ್ವಜನಿಕವಾಗಿ ಪ್ರಕಟಿಸಲೇಬೇಕಾದ ಮಾಹಿತಿಯನ್ನು ಅದು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ಕತ್ತರಿ ಹಾಕಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ನೆಪದಲ್ಲಿ ಅಧಿಕಾರಿಗಳ ವಿವರ ನಿರಾಕರಿಸುವುದನ್ನು ಸುಲಭ ಮಾಡಿತು. ಷಿಡೇನಿಯಸ್ ಕೇಳಿದ್ದಕ್ಕೆ ಇದು ನೇರ ವಿರುದ್ಧ: ಕಚೇರಿ ಮುಚ್ಚಿಕೊಳ್ಳುತ್ತಿದೆ, ಮನೆ ತೆರೆದುಕೊಳ್ಳುತ್ತಿದೆ.

ಪಹಣಿಯನ್ನು ಮತ್ತೆ ಕಬ್ಬಿಣದ ಪೆಟ್ಟಿಗೆಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ನಂಬರಿನಿಂದ ಹೆಸರು ಹೇಳುವ ಯಾವ ಸೇವೆಯೇ ಆಗಲಿ, ಹುಡುಕಿದವರು ಯಾರೆಂಬುದನ್ನು ಹುಡುಕಿಸಿಕೊಂಡವರಿಗೆ ಪುಕ್ಕಟೆಯಾಗಿ ತಿಳಿಸಬೇಕು. ಸರ್ಕಾರ ಇದನ್ನು ತನ್ನ ಮನೆಯಿಂದಲೇ ಶುರು ಮಾಡಬಹುದು. ಪಹಣಿಗೆ ಆಧಾರ್ ಜೋಡಿಸಲು ಕಂದಾಯ ಇಲಾಖೆ 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳನ್ನು ಮನೆಮನೆಗೆ ಕಳಿಸಿತ್ತು. ಅಷ್ಟು ಮಾಡಿದ ಇಲಾಖೆ ಓಟಿಪಿ ಕೊಟ್ಟವರಿಗಷ್ಟೇ ಪಹಣಿ ತೋರಿಸಿ, ರೈತನ ಸರ್ವೆ ನಂಬರನ್ನು ಯಾರು, ಯಾವಾಗ ನೋಡಿದರು ಎಂಬ ಒಂದು ಸಾಲಿನ ಎಸ್ಸೆಮ್ಮೆಸ್ಸನ್ನು ಅವನಿಗೆ ಕಳಿಸಲಿ.