ನಕ್ಷೆ ಬರೆಯುವವರು ಯಾರು, ಊರಲ್ಲಿ ಬದುಕುವವರು ಯಾರು?

ಒಂದು ಎಕರೆ ಅಡಿಕೆ ತೋಟಕ್ಕೆ ಎಷ್ಟು ಬೆಟ್ಟ ಬೇಕು? ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಯಾವ ಬೆಳೆಗಾರನನ್ನು ಕೇಳಿದರೂ ತಡವರಿಸದೆ ಉತ್ತರ ಕೊಡುತ್ತಾನೆ: ಒಂಬತ್ತು ಎಕರೆ. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಿಂದಲೂ ಇದೆ. ತೋಟ ಉಳಿಯಬೇಕಾದರೆ ಸೊಪ್ಪು ಬೇಕು, ದರಕು ಬೇಕು, ಗೊಬ್ಬರ ಬೇಕು, ಬೇಸಿಗೆಯಲ್ಲೂ ಬತ್ತದ ನೀರು ಬೇಕು. ಆದ್ದರಿಂದ ತೋಟವನ್ನು ಅಳೆಯುವವರು ಅದರ ಹಿಂದಿನ ಬೆಟ್ಟವನ್ನೂ ಅಳೆದರು. ಪರಕೀಯ ಆಡಳಿತಗಾರರಿಗೂ ಈ ಲೆಕ್ಕ ಗೊತ್ತಿತ್ತು.

ಹಾಗಾದರೆ ಒಂದು ಮನೆ ನಿವೇಶನದ ಹಿಂದೆ ಎಷ್ಟು ನೀರಿರಬೇಕು? ನೂರು ನಿವೇಶನಗಳ ಬಡಾವಣೆಗೆ ಎಷ್ಟು ಅಗಲದ ಚರಂಡಿ ಬೇಕು? ಸಾವಿರ ಮನೆಗಳಿಗೆ ಎಷ್ಟು ಶಾಲಾ ಕೊಠಡಿ, ಎಷ್ಟು ಆಟದ ಬಯಲು, ಎಷ್ಟು ಸ್ಮಶಾನ ಮತ್ತು ಕಬರಸ್ತಾನದ ಜಾಗ ಬೇಕು? ಈ ಪ್ರಶ್ನೆಗಳಿಗೆ ಇಂದು ಇಲ್ಲಿ ಉತ್ತರ ಹೇಳುವವರಿಲ್ಲ. ಕೇಳುವವರೂ ಇಲ್ಲ. ಸ್ವತಂತ್ರ ದೇಶದ ನಾವು ಸ್ವತಃ ಕಟ್ಟುತ್ತಿರುವ ಊರಿನ ಲೆಕ್ಕವನ್ನು ನಿವೇಶನ ಮಾರುವ ದಲ್ಲಾಳಿಗಳ ಕೈಗೆ ಒಪ್ಪಿಸಿ ನಿಶ್ಚಿಂತರಾಗಿದ್ದೇವೆ.

2011ರ ಜನಗಣತಿಯ ಪ್ರಕಾರ ಶಿರಸಿ ನಗರದ ಜನಸಂಖ್ಯೆ ಸುಮಾರು 62 ಸಾವಿರ. 2001ರಲ್ಲಿ ಅದು 58 ಸಾವಿರದ ಆಸುಪಾಸಿನಲ್ಲಿತ್ತು. ಈ ಅಂಕಿಗಳನ್ನು ನೋಡಿದವರು ಊರು ಬೆಳೆದೇ ಇಲ್ಲ ಎಂದು ಭಾವಿಸಬಹುದು. ಆದರೆ ಬನವಾಸಿ ರಸ್ತೆಯಲ್ಲೋ ಹುಬ್ಬಳ್ಳಿ ರಸ್ತೆಯಲ್ಲೋ ಯಲ್ಲಾಪುರ ರಸ್ತೆಯಲ್ಲೋ ಒಮ್ಮೆ ಸಾಗಿ ನೋಡಿ. ಊರು ಬೆಳೆಯುತ್ತಿರುವುದು ನಗರಸಭೆಯ ಗಡಿಯ ಆಚೆಗೆ, ಗ್ರಾಮ ಪಂಚಾಯತುಗಳ ಗದ್ದೆ, ಬ್ಯಾಣಗಳ ಮೇಲೆ. ಅಲ್ಲಿ ವಾಸಿಸುವವನು ದುಡಿಯುವುದು ನಗರದಲ್ಲಿ, ಮಕ್ಕಳನ್ನು ಕಳಿಸುವುದು ನಗರದ ಶಾಲೆಗೆ, ಕಾಯಿಲೆಯಾದರೆ ಧಾವಿಸುವುದು ನಗರದ ಆಸ್ಪತ್ರೆಗೆ. ಆದರೆ ಅವನ ಮನೆಯ ಕೊಳಚೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಬಂದಾಗ ನಗರಸಭೆ ಪಂಚಾಯತಿನತ್ತ ಬೆರಳು ತೋರಿಸುತ್ತದೆ, ಪಂಚಾಯತು ನಗರಸಭೆಯತ್ತ. ಇದು ಶಿರಸಿಯ ಕತೆ ಮಾತ್ರವಲ್ಲ. ಪಟ್ಟಣ ಪಂಚಾಯತುಗಳಾದ ಸಿದ್ದಾಪುರ ಮತ್ತು ಯಲ್ಲಾಪುರ ಇದೇ ದಾರಿಯ ಹಿಂದಿನ ಮೈಲಿಗಲ್ಲಿನಲ್ಲಿ ನಿಂತಿವೆ, ಅಷ್ಟೇ ವ್ಯತ್ಯಾಸ.

ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. ಅಘನಾಶಿನಿ ನದಿಯ ಒಂದು ಮೂಲ ಶಿರಸಿಯ ಶಂಕರಹೊಂಡ. ನಗರ ಕುಡಿಯುವುದು ಕೆಂಗ್ರೆ ಮತ್ತು ಮಾರಿಗದ್ದೆಯ ಹೊಳೆನೀರನ್ನು. ಪಶ್ಚಿಮಕ್ಕೆ ಬಿದ್ದ ಮಳೆ ಅಘನಾಶಿನಿಗೆ, ಪೂರ್ವಕ್ಕೆ ಬಿದ್ದದ್ದು ವರದೆಗೆ ಹೋಗುವಂಥ ಎತ್ತರದ ಊರಿದು. ಎತ್ತರದ ಊರಿಗೆ ಬೇರೆಲ್ಲಿಂದಲೋ ನೀರು ಹರಿದು ಬರುವುದಿಲ್ಲ. ತನ್ನ ತಲೆಯ ಮೇಲೆ ಬಿದ್ದ ಮಳೆಯನ್ನು ತಾನೇ ಹಿಡಿದಿಟ್ಟುಕೊಳ್ಳಬೇಕು. ಕೆರೆ, ಜೌಗು, ಗದ್ದೆಬಯಲು, ಬೆಟ್ಟ ಇವೆಲ್ಲ ಆ ಮಳೆಯನ್ನು ಹಿಡಿದಿಡುವ ಪಾತ್ರೆಗಳು. ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡುವವನು ಆ ಪಾತ್ರೆಯನ್ನು ಒಡೆಯುತ್ತಿದ್ದಾನೆ. ಆಮೇಲೆ ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ಸಾಲು ನಿಲ್ಲುವವರು ಯಾರು? ಮಣ್ಣು ತುಂಬಿದವನಲ್ಲ, ಬಾಡಿಗೆ ಮನೆಯ ಹೆಂಗಸು. ಬೇಡ್ತಿ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ವಿರುದ್ಧ ಈ ಸೀಮೆಯ ಜನರು ಒಂದಾಗಿ ದನಿ ಎತ್ತಿದ್ದಾರೆ. ಅದು ನ್ಯಾಯವಾದ ದನಿ. ಆದರೆ ದೂರದ ಯೋಜನೆಯಿಂದ ಹೊಳೆಯನ್ನು ಕಾಪಾಡಲು ಬೀದಿಗಿಳಿಯುವ ನಾವು, ನಮ್ಮದೇ ಓಣಿಯ ಹಳ್ಳವನ್ನು ಕಸದಿಂದ ಕಾಪಾಡಲು ಮನೆಯ ಬಾಗಿಲನ್ನೂ ದಾಟುವುದಿಲ್ಲವೇಕೆ?

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಷ್ಟು ಹಳೆಯದು. ಮಾಸ್ಟರ್ ಪ್ಲಾನನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪ, ಸಲಹೆಗಳನ್ನು ಆಹ್ವಾನಿಸಬೇಕು ಮತ್ತು ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಕಾಗದದಲ್ಲಿ ಎಲ್ಲವೂ ಚಂದ. ಆದರೆ ಒಂದು ಪ್ರಕಟಣೆ, ಕಚೇರಿಯ ಗೋಡೆಯ ಮೇಲೊಂದು ನಕ್ಷೆ, ಅದರಲ್ಲಿ ವಸತಿಗೆ ಹಳದಿ ಬಣ್ಣ, ಉದ್ಯಾನಕ್ಕೆ ಹಸಿರು ಬಣ್ಣ! ಗಾರೆ ಕೆಲಸದವನು, ಮೀನು ಮಾರುವವಳು, ಗುಜರಿ ಅಂಗಡಿಯವನು ತನ್ನ ಮನೆ ಯಾವ ಬಣ್ಣದಲ್ಲಿದೆ ಎಂದು ನೋಡಲು ಒಂದು ದಿನದ ಕೂಲಿ ಬಿಟ್ಟು ಹೋಗುವನೇ? ಹೋಗುವುದು ಜಮೀನು ಇರುವವನು, ಮತ್ತು ಆ ಜಮೀನನ್ನು ಕೊಳ್ಳಲಿರುವವನು. ಆಕ್ಷೇಪ ಸಲ್ಲಿಸುವುದೂ ಅವರೇ. ಹೀಗೆ ‘ಸಾರ್ವಜನಿಕರ ಅಭಿಪ್ರಾಯ’ ಎಂಬ ಶೀರ್ಷಿಕೆಯಡಿ ಬೆರಳೆಣಿಕೆಯ ಮಂದಿಯ ಹಿತ ಕಡತ ಸೇರುತ್ತದೆ.

ಇನ್ನೊಂದು ವೈರುಧ್ಯವನ್ನು ಗಮನಿಸಿ. ಹಳ್ಳಿಯಲ್ಲಿ ಗ್ರಾಮಸಭೆ ಇದೆ, ವಾರ್ಡ್ ಸಭೆ ಇದೆ. ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು ಪ್ರತಿ ಮತದಾರನಿಗಿದೆ. ಆದರೆ ನಗರಗಳ ಮಟ್ಟಿಗೆ ಸಂವಿಧಾನದ 74ನೇ ತಿದ್ದುಪಡಿಯು ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿದ್ದು ಮೂರು ಲಕ್ಷಕ್ಕೂ ಹೆಚ್ಚು ಜನರಿರುವಲ್ಲಿ ಮಾತ್ರ. ಅಂದರೆ ಪಕ್ಕದ ಹಳ್ಳಿಯವನಿಗೆ ಸಭೆ ಉಂಟು, ಬೆಂಗಳೂರಿನವನಿಗೆ ಸಮಿತಿ ಉಂಟು; ನಡುವಿನ ಶಿರಸಿಯವನಿಗೆ ಐದು ವರ್ಷಕ್ಕೊಂದು ಮತ ಉಂಟು, ಅಷ್ಟೇ. ಮೀಸಲಾತಿ ಪಟ್ಟಿಯ ತಕರಾರು ನ್ಯಾಯಾಲಯದ ಮೆಟ್ಟಿಲೇರಿದರೆ ರಾಜ್ಯದ ಅನೇಕ ನಗರಸಭೆ, ಪಟ್ಟಣ ಪಂಚಾಯತುಗಳಲ್ಲಿ ಆ ಮತದಿಂದ ಗೆದ್ದವರಿಗೂ ಅಧಿಕಾರ ಸಿಗದೆ ಆಡಳಿತಾಧಿಕಾರಿಗಳೇ ಊರಾಳಿದ ಉದಾಹರಣೆಗಳಿವೆ.

ವಿಷಾದವೇನೆಂದರೆ, ಇದು ರಾಮಕೃಷ್ಣ ಹೆಗಡೆಯವರು ಹುಟ್ಟಿದ ಸೀಮೆ. ಸಿದ್ದಾಪುರ ತಾಲೂಕಿನ ದೊಡ್ಮನೆಯ ಹೆಗಡೆಯವರು ಮುಖ್ಯಮಂತ್ರಿ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವ. ಇಬ್ಬರೂ ಸೇರಿ 1983ರಲ್ಲಿ ರೂಪಿಸಿದ ಜಿಲ್ಲಾ ಪರಿಷತ್ತಿನ ಕಾಯ್ದೆಯು ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟಿತು. 1987ರಲ್ಲಿ ಚುನಾವಣೆ ನಡೆದು ಜನರ ಕೈಗೆ ಅಧಿಕಾರ ಬಂತು. ದೇಶವೇ ಅದನ್ನು ಮಾದರಿಯೆಂದು ಕರೆಯಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ತಲುಪಿಸಿ ‘ನೀರ್ ಸಾಬ್’ ಎನಿಸಿಕೊಂಡ ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. ಹವ್ಯಕ ಬ್ರಾಹ್ಮಣನೊಬ್ಬ ಮತ್ತು ಮುಸ್ಲಿಮನೊಬ್ಬ ಕೂಡಿ ಮಾಡಿದ ಆ ಕೆಲಸದ ಇಂದಿನ ಗತಿ ಏನು? 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲೂಕು ಪಂಚಾಯತುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಂವಿಧಾನದ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯ ಐದನೇ ನಾಲ್ಕು ಭಾಗ ಸದಸ್ಯರನ್ನು ಜಿಲ್ಲಾ ಪಂಚಾಯತು ಹಾಗೂ ನಗರಸಂಸ್ಥೆಗಳ ಚುನಾಯಿತ ಸದಸ್ಯರು ತಮ್ಮೊಳಗಿಂದಲೇ ಆರಿಸಬೇಕು. ಜಿಲ್ಲಾ ಪಂಚಾಯತೇ ಇಲ್ಲದಿದ್ದರೆ ಆರಿಸುವವರು ಯಾರು, ಆರಿಸಲ್ಪಡುವವರು ಯಾರು? ನಗರ ಮತ್ತು ಹಳ್ಳಿಯ ಬೆಳವಣಿಗೆಯನ್ನು ಒಟ್ಟಿಗೆ ಇಟ್ಟು ನೋಡಬೇಕಾದ ಏಕೈಕ ಪೀಠವನ್ನು ಹೀಗೆ ಖಾಲಿ ಬಿಟ್ಟು, ಅದೇ ಬಾಯಲ್ಲಿ ಅಭಿವೃದ್ಧಿಯ ಮಾತಾಡುವುದು ವಂಚನೆಯಲ್ಲದೆ ಮತ್ತೇನು?

ಶಿರಸಿ ಪ್ರತ್ಯೇಕ ಜಿಲ್ಲೆಯಾದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕಾರವಾರ ನೂರು ಕಿಲೋಮೀಟರಿಗೂ ದೂರ, ಆದ್ದರಿಂದ ಬೇಡಿಕೆಯಲ್ಲಿ ಹುರುಳಿದೆ. ಆದರೆ ಜಿಲ್ಲಾಧಿಕಾರಿಯ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ಬಡವನಿಗೆ ಸೂರು ಹತ್ತಿರ ಬರುವುದಿಲ್ಲ. ಬದಲಾಗಿ ಜಿಲ್ಲಾ ಕೇಂದ್ರವೆಂಬ ಹೆಸರು ಬಂದ ಮರುದಿನವೇ ನಿವೇಶನದ ಬೆಲೆ ಏರುತ್ತದೆ. ಯೋಜನೆ ಮೊದಲು, ಜಿಲ್ಲೆ ಆಮೇಲೆ. ಕ್ರಮ ತಪ್ಪಿದರೆ ಹೊಸ ಜಿಲ್ಲೆಯು ದಲ್ಲಾಳಿಗಳ ಜಿಲ್ಲೆಯಾದೀತು.

ಈಗಲೂ ಬಡವನು ಮನೆ ಕಟ್ಟುವುದು ಎಲ್ಲಿ? ಕಾಡಿನಂಚಿನಲ್ಲಿ. ಬಹುಪಾಲು ಅರಣ್ಯವೇ ಆಗಿರುವ ಈ ಜಿಲ್ಲೆಯಲ್ಲಿ ಅವನಿಗೆ ‘ಅತಿಕ್ರಮಣದಾರ’ ಎಂಬ ಹಣೆಪಟ್ಟಿ ಖಚಿತ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಚಿಗುರಿತು. ಆದರೆ ಪರಿಶಿಷ್ಟ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. 1930ರ ಕಾಗದವನ್ನು ಕೂಲಿಕಾರನ ಗುಡಿಸಲಲ್ಲಿ ಹುಡುಕುವುದು ಎಂಥ ನ್ಯಾಯ? ಗದ್ದೆಯನ್ನು ಪರಿವರ್ತಿಸಿ ಬಡಾವಣೆ ಮಾಡಿದವನು ಉದ್ಯಮಿ, ಎರಡು ಗುಂಟೆಯಲ್ಲಿ ಗುಡಿಸಲು ಹಾಕಿದವನು ಅತಿಕ್ರಮಣದಾರ! ಕಾಡು ಉಳಿಯಬೇಕು, ಅದರಲ್ಲಿ ನಮಗೆ ಅನುಮಾನವಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳು ಕೊಚ್ಚಿಹೋದುದನ್ನು ನೋಡಿದವರಾರೂ ಗುಡ್ಡವನ್ನು ಎಲ್ಲೆಂದರಲ್ಲಿ ಕಡಿಯಿರಿ ಎನ್ನಲಾರರು. ಆದರೆ ಊರೊಳಗೆ ಬಡವನಿಗೆ ಕೈಗೆಟಕುವ ಜಾಗವನ್ನು ಮೊದಲೇ ಗುರುತಿಸಿ ಇಟ್ಟಿದ್ದರೆ ಅವನು ಕಾಡಿಗೆ ಹೋಗುತ್ತಿದ್ದನೇ?

ಯೋಜನೆಯೆಂದರೆ ಮನೆಗಳ ಮಾತಷ್ಟೇ ಅಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರ ತಾಲೂಕಿನ ಹೆದ್ದಾರಿಯಲ್ಲಿ ಕಂದಕಕ್ಕೆ ಉರುಳಿತು. ಹತ್ತು ಮಂದಿ ಪ್ರಾಣ ಬಿಟ್ಟರು. ಸರಕಿನೊಂದಿಗೇ ಪ್ರಯಾಣಿಸುತ್ತಿದ್ದ ಬಡಜೀವಗಳವು. ಪರಿಹಾರ ಘೋಷಣೆಯಾಯಿತು, ಸಂತಾಪ ಸೂಚನೆಯಾಯಿತು. ಸಂತೆಯ ವ್ಯಾಪಾರಿ ಸುರಕ್ಷಿತವಾಗಿ ಬರುವುದು ಹೇಗೆ, ತಂಗುವುದು ಎಲ್ಲಿ, ಕೂರುವುದು ಎಲ್ಲಿ ಎಂಬ ಪ್ರಶ್ನೆ ಮಾತ್ರ ಅವರೊಂದಿಗೇ ಮಣ್ಣಾಯಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನವನ್ನು ವ್ಯಾಪಾರಿಗಳಿಗೇ ಕೊಟ್ಟಿದೆ. ಈ ಹಕ್ಕು ತನಗುಂಟೆಂದು ನಮ್ಮ ಸಂತೆಗಳ ಎಷ್ಟು ವ್ಯಾಪಾರಿಗಳಿಗೆ ಗೊತ್ತಿದೆ?

ಇನ್ನು ಕನ್ನಡಿಯನ್ನು ನಮ್ಮತ್ತ ತಿರುಗಿಸೋಣ. ಸಾಚಾರ್ ಸಮಿತಿ 2006ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ, ದೇಶದ ಮುಸ್ಲಿಮರಲ್ಲಿ ನಗರವಾಸಿಗಳ ಪ್ರಮಾಣ ಉಳಿದವರಿಗಿಂತ ಹೆಚ್ಚು, 2001ರಲ್ಲಿ ಶೇ. 35.7 ಮಂದಿ ನಗರಗಳಲ್ಲಿದ್ದರು. ಅಂದರೆ ನಗರ ಕೆಟ್ಟರೆ ಮೊದಲು ಕೆಡುವುದು ನಮ್ಮ ಬದುಕು. ಹೀಗಿದ್ದೂ ನಗರದ ಬಗ್ಗೆ ನಮ್ಮ ಆಸ್ಥೆ ಎಷ್ಟು? ಈ ಸೀಮೆಯ ಒಂದು ಮೊಹಲ್ಲಾದ ಸಭೆಯಲ್ಲಿ ನಾವು ಕುಳಿತಿದ್ದೆವು. ಶಾದಿ ಮಹಲಿನ ಅಲಂಕಾರದ ಕುರಿತು ಎರಡು ತಾಸು ಬಿಸಿಬಿಸಿ ಚರ್ಚೆ ನಡೆಯಿತು. ಕೊನೆಯಲ್ಲಿ ಒಬ್ಬ ತರುಣ ಎದ್ದು, ಮಳೆಗಾಲದಲ್ಲಿ ಚರಂಡಿಯ ನೀರು ಮನೆಗಳಿಗೆ ನುಗ್ಗುತ್ತಿದೆ, ಅರ್ಜಿ ಕೊಡೋಣವೇ ಎಂದ. ‘ಅದು ಕೌನ್ಸಿಲರ್ ಕೆಲಸ ಮಗಾ, ಕುಳಿತುಕೋ’ ಎಂದರು ಹಿರಿಯರು. ತರುಣ ಕುಳಿತ. ಚರಂಡಿ ಮಾತ್ರ ಕುಳಿತುಕೊಳ್ಳಲಿಲ್ಲ, ಅದು ಆ ವರ್ಷವೂ ಮನೆಗೆ ಬಂತು.

ದಾರಿಯ ಅಗಲದ ಬಗ್ಗೆ ವಿವಾದ ಬಂದಾಗ ಏಳು ಮೊಳ ಬಿಡಬೇಕೆಂದು ಪ್ರವಾದಿಯವರು ತೀರ್ಪು ನೀಡಿದ್ದನ್ನು ನಾವು ಮದ್ರಸದ ಬೆಂಚಿನಲ್ಲಿ ಓದಿದ್ದೇವೆ. ಓದಿ ಬಂದು, ಮನೆಯ ಮೆಟ್ಟಿಲನ್ನು ರಸ್ತೆಗೆ ಇಳಿಸಿ, ಅಂಗಡಿಯ ತಗಡನ್ನು ಚರಂಡಿಯ ಮೇಲೆ ಚಾಚಿ ಕಟ್ಟಿದ್ದೇವೆ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ, ಹೆರಿಗೆ ನೋವು ಬಂದರೆ ಆಂಬುಲೆನ್ಸ್ ಒಳಬರದ ಓಣಿಗಳನ್ನು ನಿರ್ಮಿಸಿದವರು ಸರಕಾರದವರಲ್ಲ, ನಾವೇ. ಸರಕಾರದ ತಾರತಮ್ಯವನ್ನು ಖಂಡಿಸುವ ನೈತಿಕ ಬಲ ಬೇಕಾದರೆ ಮೊದಲು ನಮ್ಮ ಮೆಟ್ಟಿಲು ಹಿಂದೆ ಸರಿಯಬೇಕು.

ಹಾಗೆಂದು ಇದು ಅವರ ಓಣಿ, ನಮ್ಮ ಓಣಿ ಎಂಬ ಪ್ರಶ್ನೆಯಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಲಕ್ಷಾಂತರ ಜನ ಬಂದಾಗ ಅದೇ ಹೊಳೆಗಳ ನೀರು, ಅದೇ ರಸ್ತೆ, ಅದೇ ಆಸ್ಪತ್ರೆ ಎಲ್ಲರ ಭಾರ ಹೊರುತ್ತವೆ. ಕೊಳಚೆ ನೀರು ಜಾತಿ ಕೇಳುವುದಿಲ್ಲ, ಡೆಂಗಿಯ ಸೊಳ್ಳೆ ಧರ್ಮ ನೋಡುವುದಿಲ್ಲ. ಸುಸಜ್ಜಿತ ಆಸ್ಪತ್ರೆಗಾಗಿ 2022ರಲ್ಲಿ ಇಡೀ ಜಿಲ್ಲೆ ಕೂಗೆತ್ತಿದಾಗ ಆ ಕೂಗಿನಲ್ಲಿ ಎಲ್ಲರ ದನಿಯೂ ಇತ್ತು. ಆ ಒಗ್ಗಟ್ಟು ಯೋಜನೆಯ ನಕ್ಷೆಯ ಮುಂದೆಯೂ ಬೇಕು.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಪ್ರತಿ ವಾರ್ಡಿನಲ್ಲಿ ವರ್ಷಕ್ಕೆ ಎರಡು ಬಾರಿ ಬಹಿರಂಗ ಸಭೆ ನಡೆಯಲಿ; ಕಾನೂನು ಕಡ್ಡಾಯ ಮಾಡದಿದ್ದರೂ ನಡೆಸಬಾರದೆಂದು ಹೇಳಿಲ್ಲ. ಮಾಸ್ಟರ್ ಪ್ಲಾನಿನ ನಕ್ಷೆ ಕಚೇರಿಯ ಗೋಡೆಯಿಂದ ಇಳಿದು ದೇವಸ್ಥಾನ, ಮಸೀದಿ, ಇಗರ್ಜಿಯ ಅಂಗಳಕ್ಕೆ, ಶಾಲೆಗೆ, ಸಂತೆಗೆ ಬರಲಿ, ಸರಳ ಕನ್ನಡದಲ್ಲಿ ಬರಲಿ. ನಗರದಂಚಿನ ಪಂಚಾಯತುಗಳು ಮತ್ತು ನಗರಸಭೆ ಒಂದೇ ಮೇಜಿನ ಸುತ್ತ ಕುಳಿತು ನೀರು, ಚರಂಡಿ, ಕಸದ ಲೆಕ್ಕ ಹಾಕಲಿ. ಕೆರೆ ಮತ್ತು ಗದ್ದೆಬಯಲುಗಳ ಗಡಿ ಮೊದಲು ಗುರುತಾಗಲಿ, ನಿವೇಶನದ ಗಡಿ ಆಮೇಲೆ. ನಮ್ಮ ಜಮಾಅತ್‌ಗಳು ತಮ್ಮ ಮೊಹಲ್ಲಾದ ಮನೆ, ಬಾವಿ, ಶೌಚಾಲಯ, ಶಾಲೆ ಬಿಟ್ಟ ಮಕ್ಕಳ ಲೆಕ್ಕವನ್ನು ತಾವೇ ಬರೆಯಲಿ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ನಮ್ಮ ಓಣಿಯನ್ನು ನಾವು ಎಣಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆ ಸಭೆಗಳಲ್ಲಿ ಹೆಂಗಸರೂ ಇರಲಿ. ಏಕೆಂದರೆ ನೀರು ಎಷ್ಟು ದೂರವಿದೆ ಎಂಬುದು ಕೊಡ ಹೊತ್ತವಳಿಗೆ ಗೊತ್ತೇ ಹೊರತು ವೇದಿಕೆಯಲ್ಲಿ ಕುಳಿತವನಿಗಲ್ಲ.

ನಾಳೆಯ ಊರು ಹೇಗಿರಬೇಕೆಂದು ಇಂದು ನಾವು ಹೇಳದಿದ್ದರೆ ನಮ್ಮ ಪರವಾಗಿ ಬೇರೆ ಯಾರೋ ಹೇಳುತ್ತಾರೆ. ಅವರು ಹೇಳಿದಂತೆ ಊರು ಎದ್ದು ನಿಂತ ಮೇಲೆ ನಮ್ಮ ಮಕ್ಕಳಿಗೆ ಅಲ್ಲಿ ಬಾಡಿಗೆಗೂ ಮನೆ ಸಿಗದೆ ಹೋದರೆ ದೂರುವುದು ಯಾರನ್ನು? ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟದ ಲೆಕ್ಕವನ್ನು ತಲೆಮಾರುಗಳಿಂದ ನೆನಪಿಟ್ಟುಕೊಂಡ ಸೀಮೆಗೆ ಈ ಲೆಕ್ಕವೇನೂ ಕಷ್ಟದ್ದಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಆ ತರುಣನ ಅರ್ಜಿಗೆ ಹಿರಿಯರೇ ಮೊದಲ ಸಹಿ ಹಾಕಲಿ.