ಮನೆಮಾತು: ಕಡಲಿನಿಂದ ಮರಳಿ ಬಂದವನು

ಮಂಕಿಯಲ್ಲಿ ನಮ್ಮ ನೆರೆಮನೆಯ ತರುಣನೊಬ್ಬನು ಇಲ್ಲಿಂದ ತುಸು ದೂರದ ಒಂದು ಕಡಲತೀರದಲ್ಲಿ ಜೀವರಕ್ಷಕನಾಗಿದ್ದಾನೆ. ಹಿರಿಯರದು ಮೀನು ಹಿಡಿಯುವ ಕಸುಬು. ಈಜು ಅವನಿಗೆ ನಡಿಗೆಯಷ್ಟೇ ಸಹಜವಾದುದು. ಪ್ರವಾಸಿಗರು ಅಲೆಗಳಲ್ಲಿ ಆಡುತ್ತ ಮುಂದೆ ಮುಂದೆ ಹೋದರೆ ಸೀಟಿ ಊದಿ ಹಿಂದಕ್ಕೆ ಕರೆಯುವುದು, ಕೇಳದೆ ಹೋಗಿ ಸೆಳವಿಗೆ ಸಿಕ್ಕವರನ್ನು ಎಳೆದು ತರುವುದು, ಇದು ಅವನ ಉದ್ಯೋಗ. ಒಂದು ಸಂಜೆ ಅವನ ಹೆಂಡತಿಯು ನಮ್ಮ ಜಗಲಿಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಬಳಿಕ, “ಅಮ್ಮಾ, ನಮ್ಮ ಮನೆಯವರು ಮೊದಲಿನಂತಿಲ್ಲ. ಊಟಕ್ಕೆ ಕುಳಿತವರು ಅರ್ಧಕ್ಕೇ ಏಳುತ್ತಾರೆ. ರಾತ್ರಿ ಎದ್ದು ಹೋಗಿ ಹೊಸ್ತಿಲ ಮೇಲೆ ಕೂರುತ್ತಾರೆ. ಮಗು ಬಚ್ಚಲಲ್ಲಿ ನೀರಾಡುತ್ತ ಒಂದು ಗಳಿಗೆ ಸುಮ್ಮನಾದರೆ ಸಾಕು, ಓಡಿಹೋಗಿ ಬಾಗಿಲು ತಳ್ಳುತ್ತಾರೆ. ನನ್ನ ಮೇಲೇ ಸಿಟ್ಟೋ ಏನೋ ತಿಳಿಯದು,” ಎಂದಳು.

ವಿಚಾರಿಸಲಾಗಿ ತಿಳಿದುದಿಷ್ಟು: ಹದಿನೈದು ದಿನಗಳ ಹಿಂದೆ ಮೂವರು ನೀರಿಗೆ ಸಿಕ್ಕಿದ್ದರು. ಇಬ್ಬರನ್ನು ಇವನೂ ಇವನ ಜೊತೆಗಾರನೂ ಬದುಕಿಸಿ ತಂದರು. ಮೂರನೆಯವನು ಒಬ್ಬ ಹುಡುಗ. ಅವನನ್ನೂ ತಂದರು, ಆದರೆ ಉಸಿರಿರಲಿಲ್ಲ. ಊರಿನವರೆಲ್ಲರೂ ಇಬ್ಬರನ್ನು ಉಳಿಸಿದನೆಂದು ಹೊಗಳಿದರು. ಅವನೊಬ್ಬನು ಮಾತ್ರ ಉಳಿಯದವನ ಲೆಕ್ಕವನ್ನೇ ಮಾಡುತ್ತಿದ್ದನು.

ಮಗುವಿನ ಮೌನಕ್ಕೆ ಅವನು ಬೆಚ್ಚಿದುದೇಕೆಂಬುದನ್ನು ವಾಚಕರು ಅರಿಯಬೇಕು. ನೀರಿನಲ್ಲಿ ಮುಳುಗುವವನು ಕೈಬೀಸಿ ಕೂಗುತ್ತಾನೆಂದು ನಾವೆಲ್ಲರೂ ತಿಳಿದಿರುತ್ತೇವೆ. ವಾಸ್ತವವು ಹಾಗಲ್ಲ. ಬಾಯಿ ನೀರಿನ ಮೇಲೆ ಬಂದ ಕ್ಷಣಮಾತ್ರದಲ್ಲಿ ಉಸಿರೆಳೆದುಕೊಳ್ಳುವುದೇ ದುಸ್ತರವಾಗಿರುವಾಗ ಕೂಗುವುದಕ್ಕೆ ಅವಕಾಶವೆಲ್ಲಿ? ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲು ಬರುವುದಿಲ್ಲ. ದಡದಿಂದ ನೋಡುವವರಿಗೆ ಅವನು ಆಡುತ್ತಿರುವಂತೆಯೇ ಕಂಡರೂ ಕಾಣಬಹುದು. ಆದುದರಿಂದ ಜೀವರಕ್ಷಕನು ಗದ್ದಲಕ್ಕೆ ಹೆದರುವುದಿಲ್ಲ, ನಿಶ್ಶಬ್ದಕ್ಕೆ ಹೆದರುತ್ತಾನೆ. ದಿನವೆಲ್ಲ ನಿಶ್ಶಬ್ದವನ್ನು ಹುಡುಕುವ ಕಣ್ಣು ಮನೆಗೆ ಬಂದೊಡನೆ ಮುಚ್ಚಿಕೊಳ್ಳುವುದೆಂದು ಎಣಿಸುವುದು ತಪ್ಪು. ಅಲೆಯಾಗಿ ಬಂದ ನೀರು ಮರಳಿನ ದಿಬ್ಬಗಳ ನಡುವಣ ತಗ್ಗಿನಿಂದ ರಭಸವಾಗಿ ಹಿಂದಕ್ಕೆ ಹೋಗುವುದೇ ಸೆಳವು. ಪರವೂರಿನವನಿಗೆ ಅದು ಕಾಣದು, ಇವನಿಗೆ ಕಾಣುತ್ತದೆ. ತಿಳಿದಿದ್ದೂ ಒಂದು ನಿಮಿಷ ತಡವಾಯಿತಲ್ಲಾ ಎಂಬ ಸಂಕಟವು ತಿಳಿದವನಿಗೇ ಹೆಚ್ಚು.

ನಮ್ಮ ಜಿಲ್ಲೆಯು 2024ನೆಯ ಇಸವಿಯೊಂದರಲ್ಲಿಯೇ ಇಂಥ ಸಂಕಟವನ್ನು ಎಷ್ಟು ಕಂಡಿತು! ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯ ಚಹದಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿಗೆ ನೂಕಿತು. ಕೆಂಪಗೆ ತುಂಬಿ ಹರಿಯುತ್ತಿದ್ದ ಆ ಹೊಳೆಯಲ್ಲಿ ಮುಳುಗುಗಾರರು ಕೈಯಿಂದ ತಡವಿ ಹುಡುಕಿದರು. ಕೇರಳದ ಲಾರಿಯೊಂದು ತನ್ನ ಚಾಲಕನ ದೇಹದೊಡನೆ ಮೇಲಕ್ಕೆ ಬಂದುದು ಸಪ್ಟೆಂಬರ್ 25ರಂದು, ಅಂದರೆ 71 ದಿನಗಳ ತರುವಾಯ. ಅದೇ ವರ್ಷ ಡಿಸೆಂಬರ್ 10ರಂದು ನಮ್ಮ ಪಕ್ಕದ ಮುರುಡೇಶ್ವರದಲ್ಲಿ, ಕೋಲಾರದ ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ಶಾಲೆಯ ಬಾಲೆಯರು ನೀರಿಗೆ ಸಿಕ್ಕರು; ಮೂವರು ಉಳಿದರು, ನಾಲ್ವರು ತೀರಿಹೋದರು. ಆ ತಾಯಿತಂದೆಗಳ ದುಃಖದ ಮುಂದೆ ಬೇರೆಯವರ ದುಃಖವನ್ನು ಎತ್ತುವುದೇ ಅನುಚಿತವೆಂದು ಕೆಲವರು ಹೇಳಿಯಾರು. ಹುಡುಕಿದವರೂ ಹಾಗೆಯೇ ಭಾವಿಸುತ್ತಾರೆ. ಅದರಿಂದಲೇ ಅವರು ಬಾಯಿಬಿಡುವುದಿಲ್ಲ.

ದೂರದ ಅಮೇರಿಕೆಯಲ್ಲಿ ಹಿಮದ ಬೆಟ್ಟಗಳ ಮೇಲೆ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಆಟವುಂಟು. ಬಿದ್ದವರನ್ನು ಎತ್ತಿ ತರುವ ಕಾವಲುಪಡೆಯೊಂದನ್ನು ಡೋಲ್ ಎಂಬವರು 1938ರಲ್ಲಿ ಅಲ್ಲಿ ಕಟ್ಟಿದರು. ಅದಕ್ಕೆ ಎರಡು ವರ್ಷ ಮೊದಲು ಅವರ ಗೆಳೆಯನೊಬ್ಬನು ಜಾರುವ ಪಂದ್ಯದಲ್ಲಿ ಪೆಟ್ಟುತಿಂದು ತೀರಿಹೋಗಿದ್ದನು. ಆ ನೋವೇ ಪಡೆಯ ಬೀಜವಾಯಿತು. ಇಂದು ಅಲ್ಲಿಯ ಕಾವಲಿನವರು ಕೆಲವರು ತಮ್ಮ ಮನಸ್ಸಿನ ಸ್ಥಿತಿಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಹೇಳಿಕೊಳ್ಳುತ್ತಾರಂತೆ. ಸೈನಿಕರಿಗಾಗಿ ಹುಟ್ಟಿದ ಪದ್ಧತಿಯಿದು. “ನನಗೆ ದುಃಖವಾಗಿದೆ” ಎನ್ನಲು ನಾಚುವ ಗಂಡಸೂ “ಈ ವಾರ ನಾನು ಕಿತ್ತಳೆ” ಎನ್ನಲು ನಾಚಲಾರನು. ನಮ್ಮ ಕಡಲತೀರದಲ್ಲಿಯೂ ಬಣ್ಣದ ಬಾವುಟಗಳುಂಟು. ಅವು ನೀರಿನ ಸ್ಥಿತಿಯನ್ನು ಹೇಳುತ್ತವೆ, ಕಾಯುವವನದನ್ನಲ್ಲ. ಅವನ ಬಣ್ಣವು ಬದಲಾದುದನ್ನು ಮೊದಲು ಕಾಣುವವಳು ಮನೆಯಾಕೆ.

ಆ ತಂಗಿಗೆ ನಾವು ಹೇಳಿದುದನ್ನೇ ಇಲ್ಲಿ ಬರೆಯುತ್ತೇವೆ. ಹೆಣವನ್ನು ಮುಟ್ಟಿ ಬಂದವನು ಸ್ನಾನಮಾಡಿ ಒಳಗೆ ಬರಬೇಕೆಂಬ ರೂಢಿಯು ನಮ್ಮಲ್ಲುಂಟು. ಸ್ನಾನವು ಒಳ್ಳೆಯದೇ, ತಣ್ಣೀರಲ್ಲಿ ಗಂಟೆಗಟ್ಟಲೆ ಇದ್ದ ದೇಹಕ್ಕೆ ಹಂಡೆಯ ಬಿಸಿನೀರಿಗಿಂತ ಉಪಕಾರವಾದುದು ಬೇರಿಲ್ಲ. ಆದರೆ “ಮೈಲಿಗೆ, ಅಲ್ಲೇ ನಿಲ್ಲು” ಎಂದು ಅಂಗಳದಲ್ಲಿ ತಡೆಯುವ ಮಾತಿಗೂ, “ನೀರು ಕಾದಿದೆ, ಬನ್ನಿ” ಎಂಬ ಮಾತಿಗೂ ಎಷ್ಟು ಅಂತರ! ಆಮೇಲೆ ಬಿಸಿ ಗಂಜಿ. “ಏನಾಯಿತು, ಹೇಗಿದ್ದ, ಅವನ ತಾಯಿ ಬಂದಿದ್ದಳೇ” ಎಂದು ಬಗೆಯತಕ್ಕದ್ದಲ್ಲ. ನೆರೆಹೊರೆಯವರು ಈ ವಿಷಯದಲ್ಲಿ ಬಹಳ ಕ್ರೂರರು, ಕೇಳಲೆಂದೇ ಬರುತ್ತಾರೆ. ಅವರಿಗೆ ವೀಳ್ಯ ಕೊಟ್ಟು ಕಳುಹಿಸುವುದು ಮನೆಯಾಕೆಯ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯವರು 2011ರಲ್ಲಿ ಹೊರಡಿಸಿದ ಕೈಪಿಡಿಯೂ, ಆಘಾತ ಕಂಡವರನ್ನು ಬಲವಂತವಾಗಿ ಮಾತಾಡಿಸಬಾರದು, ಮಾತಾಡಬಯಸಿದರೆ ಕೇಳಬೇಕು ಎನ್ನುತ್ತದೆ. “ದೇವರ ಇಚ್ಛೆ” ಎಂದು ಮೊದಲ ದಿನವೇ ಹೇಳಿಬಿಡುವುದೂ ಬೇಡ. ಅದು ಅವನ ಬಾಯಿ ಮುಚ್ಚಿಸುವ ಮಾತಾದೀತು.

ಕೆಲವು ದಿನ ನಿದ್ದೆಗೆಡುವುದೂ ಅನ್ನ ಸೇರದಿರುವುದೂ ರೋಗವಲ್ಲ. ಬಹುಮಂದಿಗೆ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಅದೇ ದೃಶ್ಯವು ಕಣ್ಣಿಗೆ ಕಟ್ಟುತ್ತಿದ್ದರೆ, ನೀರಿನ ಬಳಿಗೆ ಹೋಗಲಾರೆನೆಂದರೆ, ಕುಡಿತವು ನಿದ್ದೆಯ ಔಷಧವಾದರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಜೀವದ ಮೇಲೆ ಬೇಸರದ ಮಾತು ಬಂದರಂತೂ ತಿಂಗಳನ್ನು ಎಣಿಸದೆ ಅಂದೇ ಹೋಗಬೇಕು. 2022ರಲ್ಲಿ ಸರಕಾರವು ತೊಡಗಿಸಿದ ಟೆಲಿ ಮಾನಸ್ ಎಂಬ ದೂರವಾಣಿಯ ನೆರವುಂಟು. 14416ಕ್ಕೆ ಕರೆದರೆ ಹಣವಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. “ನಮ್ಮವರೇನು ಹುಚ್ಚರೇ?” ಎಂದು ಆಕೆಯು ಕೇಳಿದಳು. ಕೈ ಮುರಿದವನು ವೈದ್ಯರಲ್ಲಿಗೆ ಹೋದರೆ ಯಾರೂ ಹಾಗೆ ಕೇಳುವುದಿಲ್ಲವಲ್ಲ, ತಂಗೀ, ಎಂದೆವು.

ಮುಂದಿನ ವಾರ ಆಕೆಯು ಪುನಃ ಬಂದಳು. ಈ ಸಲ ಕುಳಿತುಕೊಳ್ಳಲಿಲ್ಲ. ಮಗುವು ಸೊಂಟದ ಮೇಲಿತ್ತು. ಹಿಂದಿನ ರಾತ್ರಿ ಅವನು ಎದ್ದು ಹೊಸ್ತಿಲಿಗೆ ಹೋದಾಗ ತಾನೂ ಎದ್ದು ಹೋಗಿ, ಏನೂ ಕೇಳದೆ ಪಕ್ಕದಲ್ಲಿ ಕುಳಿತಳಂತೆ. ತುಂಬ ಹೊತ್ತು ಕಡಲಿನ ಸದ್ದೊಂದೇ. ಆಮೇಲೆ ಅವನು, “ಆ ಹುಡುಗ ಕೈಗೆ ಕೆಂಪು ದಾರ ಕಟ್ಟಿಕೊಂಡಿದ್ದ. ನಮ್ಮ ಮಗನಿಗೆ ನೀನು ಕಟ್ಟಿದ್ದೀಯಲ್ಲ, ಅಂಥದ್ದೇ,” ಎಂದನಂತೆ.

“ನೀನೇನು ಹೇಳಿದೆ?” ಎಂದು ಕೇಳಿದೆವು.

“ಏನೂ ಹೇಳಲಿಲ್ಲ ಅಮ್ಮಾ. ಅವರು ಅತ್ತರು. ಕೋಳಿ ಕೂಗುವವರೆಗೂ ಅಲ್ಲೇ ಕುಳಿತಿದ್ದೆವು.”