ಇಸಾಕ–ಇಷ್ಮಾಯೇಲರ ಹೆಸರಿನಲ್ಲಿ ಇಲ್ಲದ ಜಗಳ

ಪ್ಯಾಲೆಸ್ತೀನಿನ ಮಾತು ಬಂದಾಗಲೆಲ್ಲ ಕೆಲವು ಕ್ರೈಸ್ತ ಪ್ರಚಾರಕರು ಒಂದೇ ಹಾಡು ಹಾಡುತ್ತಾರೆ. ಯಹೂದಿಗಳು ಇಸಾಕನ ಸಂತತಿ, ಅರಬರು ಇಷ್ಮಾಯೇಲನ ಸಂತತಿ, ಇದು ನಾಲ್ಕು ಸಾವಿರ ವರ್ಷದ ದಾಯಾದಿ ಜಗಳ, ಯೇಸುವಿನಲ್ಲಿ ಮಾತ್ರ ರಾಜಿಯಾದೀತು ಎಂದು. ಇದು ಅವರದೇ ಗ್ರಂಥಕ್ಕೆ ಮಾಡುವ ಅನ್ಯಾಯವೆಂದು ನಾವು ಹೇಳುತ್ತೇವೆ.

ನಮ್ಮ ಸೀಮೆಗೆ ಬೈಬಲ್ಲು ಹೊಸದಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲೇ ಬೆಟಗೇರಿಯಲ್ಲಿ ನೆಲೆ ನಿಂತರು. ಕನ್ನಡ ಬೈಬಲ್ಲಿನ ಆದಿಕಾಂಡದ 25ನೆಯ ಅಧ್ಯಾಯ ತೆರೆದು ನೋಡಿ. ಅಬ್ರಹಾಮ ತೀರಿಕೊಂಡಾಗ ಇಸಾಕ, ಇಷ್ಮಾಯೇಲ ಇಬ್ಬರೂ ಕೂಡಿ ಮಕ್ಪೇಲದ ಗವಿಯಲ್ಲಿ ತಂದೆಯನ್ನು ಮಣ್ಣು ಮಾಡಿದರು. ಕೂಡಿ ಮಣ್ಣಿಗೆ ಹೋದವರನ್ನು ಹಗೆಗಳೆನ್ನುವುದು ಗದಗ ಸೀಮೆಯ ರೂಢಿಯಲ್ಲ. ದಾಸಿ ಹಾಗರಳು ತನ್ನನ್ನು ಕಂಡ ದೇವರಿಗೆ ತಾನೇ ಹೆಸರಿಡುತ್ತಾಳೆ. ಆಕೆಯೇ ನಮ್ಮ ಬೀಬಿ ಹಾಜಿರಾ. ನೀರಿಗಾಗಿ ಆಕೆ ಓಡಾಡಿದ ಸಫಾ-ಮರ್ವಾಗಳ ನಡುವೆ ಲಕ್ಷ್ಮೇಶ್ವರ, ಮುಂಡರಗಿಗಳ ಹಾಜಿಗಳೂ ಏಳು ಸಲ ನಡೆದು ಬರುತ್ತಾರೆ. ಪ್ರಚಾರಕರಿಗೆ ನೆನಪಿರುವುದು ಇಷ್ಮಾಯೇಲನನ್ನು ಕಾಡುಕತ್ತೆಗೆ ಹೋಲಿಸಿದ ಮಾತು, ಪೌಲ ಹಾಗರಳನ್ನು ದಾಸತ್ವದ ರೂಪಕ ಮಾಡಿದ ಮಾತು, ಅಷ್ಟೇ. ಪೌಲ ಕೂಡ ಆಕೆಯನ್ನು ಹೋಲಿಸಿದ್ದು ತನ್ನ ಕಾಲದ ಜೆರುಸಲೇಮಿಗೆ, ಅರಬರಿಗಲ್ಲ!

ಜಗಳ ಅಷ್ಟು ಹಳೆಯದೂ ಅಲ್ಲ. ಯಹೂದಿಗಳನ್ನು ಶತಮಾನಗಟ್ಟಲೆ ಕಾಡಿದ್ದು ಕ್ರೈಸ್ತ ಯುರೋಪು. 1917ರಲ್ಲಿ ಬ್ರಿಟಿಷ್ ಮಂತ್ರಿ ಬಾಲ್ಫೋರ್ ತನ್ನದಲ್ಲದ ನೆಲದ ಬಗ್ಗೆ ಮಾತು ಕೊಟ್ಟ. ಹಿಟ್ಲರನ ಆಳ್ವಿಕೆ 60 ಲಕ್ಷ ಯಹೂದಿಗಳನ್ನು ಕೊಂದಿತು. 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಾರು ಕಳೆದುಕೊಂಡರು. ಇದರಲ್ಲಿ ಇಷ್ಮಾಯೇಲನ ತಪ್ಪೇನು? ನಮ್ಮ ಹಳ್ಳಿಗಳ ಪಂಚರು ಕೂಡ ರಾಜಿಗೆ ಕೂತರೆ ಮೊದಲು ಕೇಳುವುದು ಹೊಲ ಯಾರದು, ಬಾವಿ ಯಾರದು ಎಂದೇ.

ಕ್ರೈಸ್ತರಲ್ಲಿ ಇದನ್ನು ಅರಿತವರಿದ್ದಾರೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯೇಸುವಿನ ಸಾವಿನ ಹೊಣೆಯನ್ನು ಇಡೀ ಯಹೂದಿ ಕುಲದ ಮೇಲೆ ಹೊರಿಸಬಾರದೆಂದಿತು. ಮುಸ್ಲಿಮರ ಏಕದೇವ ನಂಬಿಕೆಯನ್ನೂ ಗೌರವದಿಂದ ಕಂಡಿತು. 2009ರಲ್ಲಿ ಪ್ಯಾಲೆಸ್ತೀನಿನ ಕ್ರೈಸ್ತರು 'ಕೈರೋಸ್' ಎಂಬ ಹೇಳಿಕೆ ಹೊರಡಿಸಿ, ತಮ್ಮ ನೆಲದ ಮೇಲಿನ ಸೇನಾ ಹಿಡಿತವನ್ನು ಪಾಪವೆಂದು ಕರೆದರು. ಅವರೂ ಅರಬರೇ. 2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಬಾಂಬು ಗಾಜಾದ ಸಂತ ಪೋರ್ಫಿರಿಯಸ್ ಚರ್ಚಿನ ಆವರಣಕ್ಕೆ ಬಿದ್ದಾಗ, ಅಲ್ಲಿ ಆಸರೆ ಪಡೆದಿದ್ದ ಕ್ರೈಸ್ತರೇ ಸತ್ತರು.

ಇನ್ನು ನಮ್ಮವರ ವಿಚಾರ. ಇಸ್ಹಾಕ್, ಯಾಕೂಬ್, ಮೂಸಾ, ದಾವೂದ್ ಎಂದು ಮಕ್ಕಳಿಗೆ ಹೆಸರಿಡುತ್ತೇವೆ, ಜಿಪುಣನನ್ನು ಕಂಡರೆ 'ಯಹೂದಿ' ಎಂದು ಬೈಯುತ್ತೇವೆ. ಕುರ್‌ಆನಿನಲ್ಲಿ ಅತಿ ಹೆಚ್ಚು ಸಲ ಬರುವ ಪ್ರವಾದಿಯ ಹೆಸರು ಮೂಸಾ. ಯಹೂದಿಯೊಬ್ಬನ ಶವ ಹಾದುಹೋದಾಗ ಪ್ರವಾದಿ ಮುಹಮ್ಮದರು ಎದ್ದು ನಿಂತದ್ದು ಹದೀಸಿನಲ್ಲಿದೆ. ಹಾಗಿರುವಾಗ 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ಸಾಮಾನ್ಯ ಜನರ ಕೊಲೆಗೆ ಸಬೂಬು ಹುಡುಕುವ ನಾಲಿಗೆಗೆ ಏನೆನ್ನೋಣ?

ಬೆಟಗೇರಿಯ ಚರ್ಚಿನ 'ಆಮೆನ್', ಲಕ್ಷ್ಮೇಶ್ವರದ ಮಸೀದಿಯ 'ಆಮೀನ್' ಒಂದೇ ಮಾತು. ಅದರ ಬೇರು ಹೀಬ್ರೂ, ಅರಬಿ ಎರಡರಲ್ಲೂ ಇದೆ. ಗದಗಿನ ಕೋರ್ಟಿನ ಅಮೀನನೂ ಕಚೇರಿಯ ಅಮಾನತೂ ಅದೇ ಬೇರಿನವು. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿ ಅರ್ಧ ಅರಬಿ, ಅರ್ಧ ಸಂಸ್ಕೃತ. ಅಲ್ಲಿಯ ಭಕ್ತರಿಗೆ ಆ ಹೆಸರು ಹೇಳಲು ಯಾವ ರಾಜಿಸಭೆಯೂ ಬೇಕಾಗಲಿಲ್ಲ. ಪ್ರಚಾರಕರು ಮುಂದಿನ ಸಲ ಕರಪತ್ರ ಅಚ್ಚು ಹಾಕಿಸುವಾಗ ಮಕ್ಪೇಲದ ಗವಿಯ ಕತೆಯನ್ನೂ ಸೇರಿಸಲಿ. ನಮ್ಮ ಮೌಲ್ವಿಗಳು ಜುಮ್ಮಾದ ಬಯಾನಿನಲ್ಲಿ ಆ ಶವಯಾತ್ರೆಯ ಹದೀಸನ್ನು ಹೇಳಲಿ.